ಬಾಯಿಂದ ಕಿತ್ತ ಹುಲ್ಲು

ಹುಲ್ಲನ್ನು ಕುಂಡದಲ್ಲಿ ಬೆಳೆಸಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ. ನಮ್ಮವರೆಲ್ಲ ಹುಲ್ಲು ಹುಡುಕಿಕೊಂಡು ಕುರಿಯ ಹಿಂದೆ ನಡೆದವರು. ರತ್ನಗಿರಿ ಗುಡ್ಡದಲ್ಲಿ ಮುಗಿದರೆ ಅಗಳಿಯ ಕಡೆ, ಅಲ್ಲೂ ಮುಗಿದರೆ ಆಂಧ್ರದ ಗಡಿ ದಾಟಿ ಸಿರಾ ಕಡೆ. ಹತ್ತನೇ ತರಗತಿಯವರೆಗೂ ಲಂಗಕ್ಕೆ ಚುಚ್ಚಿಕೊಂಡ ಹುಲ್ಲಿನ ಮುಳ್ಳು ಬಿಡಿಸುವುದೇ ನನ್ನ ಸಾಯಂಕಾಲದ ಹೋಂವರ್ಕು. ಅಂಥವಳು ರಾಯದುರ್ಗದ ವಾರ್ಡು ಸಚಿವಾಲಯದಲ್ಲಿ ನೌಕರಿ ಹಿಡಿದು, ಕೊಟ್ರಮ್ಮನವರ ಮನೆಯ ಎರಡನೇ ಮಹಡಿಗೆ ಬಾಡಿಗೆಗೆ ಬಂದು, ಫೋನಿನಲ್ಲಿ ಯಾರದೋ ಬಾಲ್ಕನಿಯ ವೀಡಿಯೊ ನೋಡಿ ಮರುಳಾಗಿ, ಬಳ್ಳಾರಿಯ ನರ್ಸರಿಯಿಂದ ಹುಲ್ಲು ತರಿಸಿಕೊಂಡೆ.

ನಗಬೇಡಿ, ಚೆನ್ನಾಗಿಯೇ ಇತ್ತು. ಅಳಿಲಿನ ಬಾಲದಂಥ ತೆನೆ ಬಿಡುವ ನೇರಳೆ ಹುಲ್ಲು ಮೂರು ಕುಂಡ, ಬಿಳಿ ಪಟ್ಟೆಯದು ಎರಡು, ಗುಂಡಗೆ ಕೂರುವ ಬೂದುನೀಲಿಯದು ಒಂದು. ಖಾಲಿ ಪೇಂಟ್ ಬಕೆಟ್ಟಿನ ತಳಕ್ಕೆ ತೂತು ಹೊಡೆದು ಲಾವಂಚ. ಕೆಮ್ಮಣ್ಣಿಗೆ ಮರಳು, ಕುರಿಗೊಬ್ಬರ ಬೆರೆಸಿದರೆ ಸಾಕು. ಈ ಹುಲ್ಲುಗಳು ಬಿಸಿಲಿಗೆ ಹೆದರುವುದಿಲ್ಲ, ನೀರು ಹೆಚ್ಚಾದರೆ ಮಾತ್ರ ಬುಡ ಕೊಳೆಯುತ್ತದೆ. ಯುಗಾದಿಗೆ ಮೊದಲು ಗೇಣುದ್ದ ಬಿಟ್ಟು ಕತ್ತರಿಸಿದರೆ ಹೊಸದಾಗಿ ಚಿಗುರುತ್ತವೆ. ದಿನವಿಡೀ ಪಿಂಚಣಿ, ರೇಷನ್ ಕಾರ್ಡುಗಳ ರಗಳೆ ಕೇಳಿ ತಲೆ ಕೆಟ್ಟು ಬಂದವಳು ಸಂಜೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಗಾಳಿಗೆ ಹುಲ್ಲು ಸರಸರ ಎನ್ನುವ ಸದ್ದು ಕೇಳಿದರೆ ನನಗೆ ಮೈಯೆಲ್ಲ ಹಗುರಾಗುತ್ತಿತ್ತು.

ಮಗಳು ಸೌಮ್ಯ ಹುಟ್ಟಿದಾಗ ಬಾಣಂತನ ಮಾಡಲು ಬಂದ ಅವ್ವ, ಅಂದರೆ ನಾಗಕ್ಕ, ಇದನ್ನೆಲ್ಲ ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಇದ್ಯಾವ ಹುಲ್ಲೇ ಸುನೀತಾ? ಯಾವ ಕುರಿಗೆ?"

"ಕುರಿಗಲ್ಲವ್ವ, ಚೆಂದಕ್ಕೆ."

"ಚೆಂದಕ್ಕಾ! ಮೇಯೋರಿಲ್ಲದ ಹುಲ್ಲು ಬೆಳೆಸ್ತಾರಾ ಯಾರಾನ?" ಎಂದವಳು ಕೆಳಗೆ ಹೋಗಿ ಕೊಟ್ರಮ್ಮನವರಿಗೂ ಹೇಳಿ ನಗಾಡಿ ಬಂದಳು. ನನಗೆ ಸಿಟ್ಟು ಬಂತು.

ಮರುವರ್ಷ ಅಪ್ಪ ತೀರಿಕೊಂಡ. ಅವ್ವನ ಮೊಣಕಾಲು ಗುಡ್ಡ ಹತ್ತಲು ಒಪ್ಪುತ್ತಿರಲಿಲ್ಲ, ಇಲ್ಲಿ ನನ್ನ ಮಗುವನ್ನು ನೋಡಿಕೊಳ್ಳುವವರೂ ಇರಲಿಲ್ಲ. ಮಂದೆ ಮಾರಿ ನನ್ನ ಜೊತೆ ಬಂದುಬಿಡು ಎಂದು ಹಟ ಹಿಡಿದವಳು ನಾನು. ಶ್ರಾವಣದ ಒಂದು ಬೆಳಿಗ್ಗೆ ವ್ಯಾಪಾರಿಯ ಲಾರಿ ನಮ್ಮ ದೊಡ್ಡಿಯ ಮುಂದೆ ಬಂದು ನಿಂತಿತು.

ಕುರಿ ಮಾರುವಾಗ ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಕೊನೆಯ ಕುರಿ ಲಾರಿ ಹತ್ತುವ ಮುಂಚೆ ಮನೆಯ ಹೆಂಗಸು ಅದರ ಬಾಯಲ್ಲಿರುವ ಹುಲ್ಲನ್ನು ಕಿತ್ತುಕೊಳ್ಳುತ್ತಾಳೆ. ಮಂದೆಯ ಜೊತೆ ಮನೆಯ ಲಕ್ಷ್ಮಿಯೂ ಹೋಗದಿರಲಿ ಎಂದು ಆ ಹುಲ್ಲನ್ನು ಒಣಗಿಸಿ ಬಾಗಿಲ ಮೇಲೆ ಕಟ್ಟಬೇಕು. ಆದರೆ ಕಿತ್ತುಕೊಂಡ ಕೈ ಹಾಗೇ ಇರಬಾರದು. ಇನ್ನೊಂದು ಕೈಯಿಂದ ಬೇರೆ ಹಿಡಿ ಹುಲ್ಲು ಅದರ ಬಾಯಿಗಿಟ್ಟು, "ಹೊಟ್ಟೆ ತುಂಬ್ತು, ಹೋಗು" ಅನ್ನಬೇಕು. ಬರೀ "ಹೋಗು". ನಾವು ಯಾರನ್ನೂ ಹಾಗೆ ಕಳಿಸುವವರಲ್ಲ, ಬೀದಿ ತುದಿಯ ಅಂಗಡಿಗೆ ಹೊರಟವರಿಗೂ "ಹೋಗಿ ಬಾ" ಅನ್ನುವವರು. ಆ ಒಣ ಮಾತು ಮಾರಿದ ಕುರಿಗೆ ಮಾತ್ರ. ಆಮೇಲೆ ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಅವತ್ತು ಕೊನೆಗೆ ಉಳಿದದ್ದು ನಾನೇ ಸಾಕಿದ ಮುದಿ ಕುರಿ. ನಾನು ಇಂಟರ್, ಅಂದರೆ ನಿಮ್ಮ ಪಿಯುಸಿ, ಓದುತ್ತಿದ್ದಾಗ ತಾಯಿಯಿಲ್ಲದ ಮರಿಯಾಗಿ ನನ್ನ ಮಡಿಲಲ್ಲಿ ಬಾಟಲಿ ಹಾಲು ಕುಡಿದದ್ದು. ಓದುತ್ತ ಕೂತರೆ ನನ್ನ ಮೊಣಕಾಲಿಗೆ ತಲೆ ಆನಿಸಿ ನಿಲ್ಲುತ್ತಿತ್ತು. ಎರಡು ವರ್ಷದಿಂದ ಕೆಳಸಾಲಿನ ನಡುವಿನ ಹಲ್ಲು ಇರಲಿಲ್ಲವಾದ್ದರಿಂದ ಮಳೆಗೆ ಸಡಿಲಾದ ನೆಲದಲ್ಲಿ ಹುಲ್ಲನ್ನು ಬೇರುಸಮೇತ ಎಳೆದುಕೊಳ್ಳುತ್ತಿತ್ತು. ಅವ್ವ ಅಳುತ್ತ ಅದರ ಬಾಯಿಂದ ಹುಲ್ಲು ಕಿತ್ತಳು, ಇನ್ನೊಂದು ಹಿಡಿ ಕೀಳಲು ಬಗ್ಗಿದಳು. ಅಷ್ಟರಲ್ಲಿ ಡ್ರೈವರು ಹಾರ್ನ್ ಹೊಡೆದ. ಮಡಕಶಿರಾದಲ್ಲಿ ನಮ್ಮ ಬಸ್ಸಿಗೆ ಅರ್ಧ ಗಂಟೆಯಷ್ಟೇ ಉಳಿದಿತ್ತು, ಮಗು ಅಳುತ್ತಿತ್ತು, ಆಟೋದವನು ಗೊಣಗುತ್ತಿದ್ದ. "ಸಾಕು ಬಾರವ್ವ, ಬಸ್ ತಪ್ಪುತ್ತೆ!" ಎಂದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಆಟೋದಿಂದ ತಿರುಗಿ ನೋಡಿದರೆ ಆ ಕುರಿ ಲಾರಿಯ ಹಿಂಬದಿಯಲ್ಲಿ ನಿಂತು ಖಾಲಿ ಬಾಯಿ ಆಡಿಸುತ್ತ ನನ್ನನ್ನೇ ನೋಡುತ್ತಿತ್ತು. ನನಗೆ ದುಃಖ ಒತ್ತರಿಸಿ ಬಂತು. ಕೈ ಬೀಸಿ, ಹೆಸರು ಹಿಡಿದು, "ಹೋಗಿ ಬಾರೇ" ಎಂದೆ.

ಅವ್ವ ದಾರಿಯುದ್ದಕ್ಕೂ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ಸೆರಗಿನ ತುದಿಯಲ್ಲಿ ಆ ಹುಲ್ಲಿತ್ತು, ಬೇರಿಗೆ ಗುಡ್ಡದ ಮಣ್ಣು ಮೆತ್ತಿಕೊಂಡಿತ್ತು. ಮನೆಗೆ ಬಂದು ಬಾಗಿಲ ಮೇಲೆ ಕಟ್ಟೋಣವೆಂದರೆ ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೆಯಬಾರದೆಂದು ಕೊಟ್ರಮ್ಮನವರ ಅಪ್ಪಣೆ. ನನಗೋ ಬೇರಿರುವ ಹುಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಖಾಲಿ ಬಕೆಟ್ಟಿಗೆ ಮಣ್ಣು ತುಂಬಿ ಅದನ್ನು ನೆಟ್ಟುಬಿಟ್ಟೆ.

"ಒಣಗಿಸೋದನ್ನ ಬೆಳೆಸ್ತೀಯೇನೇ?" ಎಂದಳು ಅವ್ವ.

"ಲಕ್ಷ್ಮಿ ಒಣಗಿಕೊಂಡು ಯಾಕಿರಬೇಕು? ಹಸಿರಾಗಿರಲಿ ಬಿಡು" ಎಂದು ನಕ್ಕೆ. ಎಂಥ ಜಾಣತನ ನನ್ನದು!

ಇಪ್ಪತ್ತೇ ದಿನದಲ್ಲಿ ಅದು ನರ್ಸರಿಯ ಹುಲ್ಲುಗಳನ್ನೆಲ್ಲ ಮೀರಿ ಎದ್ದಿತು. ದಸರಾ ಹೊತ್ತಿಗೆ ನನ್ನೆದೆಯ ಮಟ್ಟ, ಮೇಲೆ ಹೊಂಬಣ್ಣದ ತೆನೆ. ಅದನ್ನು ದಾಟಿ ಹೋಗುವಾಗ ಗುಡ್ಡದ ಮಳೆಯ ವಾಸನೆ ಬರುತ್ತಿತ್ತು. ಆಫೀಸಿನವರಿಗೆಲ್ಲ ಫೋಟೋ ಕಳಿಸಿದೆ.

ಕಾರ್ತಿಕದ ಒಂದು ಸೋಮವಾರ ಸಂಜೆ ಮನೆಗೆ ಬಂದರೆ ನೇರಳೆ ಹುಲ್ಲಿನ ಮೊದಲ ಕುಂಡ ಬೋಳಾಗಿತ್ತು. ಮರುದಿನ ಎರಡನೆಯದು. ಕೊಟ್ರಮ್ಮನವರು ಬೆಟ್ಟದ ಕಡೆ ಕೈ ತೋರಿಸಿ, "ಕೋತಿ ಇರಬೇಕ್ ಬಿಡ್ರಿ, ನಮ್ಮ ದಾಳಿಂಬ್ರ ಗಿಡಾನೂ ಉಳಿಸಿಲ್ಲ" ಎಂದರು. ಇದ್ದರೂ ಇರಬಹುದು ಎಂದುಕೊಂಡೆ. ಅವ್ವ ಮಾತ್ರ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೂಳೆಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಮುಟ್ಟಿದಳು.

"ಕೋತಿ ಆದ್ರೆ ಕಿತ್ತು ಬಿಸಾಕ್ತೈತೆ. ಮೇಕೆ ತುದಿ ತುದಿ ಹರ್ಕಂತೈತೆ. ದನ ನಾಲ್ಗೆ ಸುತ್ತಿ ಎಳೀತೈತೆ. ಹಿಂಗೆ ಬುಡದ ಮಟ್ಟಕ್ಕೆ ಕೊಯ್ದಂಗೆ ಮೇಯೋದು ಕುರಿ ಒಂದೇ."

"ಎರಡನೇ ಮಹಡೀಲಿ ಕುರಿ ಎಲ್ಲಿಂದ ಬರುತ್ತವ್ವ?"

ಅವಳು ನನ್ನ ಕೈ ಹಿಡಿದು ಕೂಳೆಗಳ ಮೇಲೆ ಇಟ್ಟಳು. ಒಂದೊಂದು ಕಡಿತದಲ್ಲೂ ಎರಡು ಬದಿ ನುಣ್ಣಗೆ ತೆಗೆದು, ನಡುವೆ ಮಾತ್ರ ಎರಡು ಮೂರು ಎಳೆ ಉದ್ದಕ್ಕೆ ನಿಂತಿದ್ದವು. ನಡುವಿನ ಹಲ್ಲಿಲ್ಲದ ಬಾಯಿ ಮೇಯ್ದರೆ ಹೀಗೇ ಉಳಿಯುವುದು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಹುಚ್ಚಾ ನಿಂಗೆ? ಅದು ಯಾವತ್ತೋ ಯಾರ ಮನೆ ಸಾರಿಗೋ ಹೋಯ್ತು" ಎಂದು ರೇಗಿದೆ.

"ಅದಕ್ಕೇ ಬರ್ತಾ ಐತೆ" ಎಂದಳು ಅವ್ವ ಮೆಲ್ಲಗೆ. "ಜೀವ ಇದ್ದಿದ್ರೆ ಎರಡು ಮಹಡಿ ಹತ್ತಕ್ಕಾಗ್ತಿತ್ತಾ ಅದರ ಕೈಲಿ?"

ಅದೇ ವಾರ ಕೊಟ್ರಮ್ಮನವರು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡರು. ಅವರು ಒಳ್ಳೆಯ ಹೆಂಗಸು, ಆದರೆ ಮನೆಯೊಳಗೆ ಮಾಂಸದ ವಾಸನೆಯನ್ನೂ ಸೇರಿಸದವರು.

"ಯವ್ವಾ ಸುನೀತಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮ್ಯಾಲ ಕುರಿ ಗಿರಿ ಏನಾರ ಕಟ್ಟೀರೇನ್ರಿ? ಮಧ್ಯಾಹ್ನ ಮಿಷಿನ್ ನಿಂತ್ವು ಅಂದ್ರ ಸಾಕು, ನಮ್ಮ ತಲಿ ಮ್ಯಾಲ ಟಕ್ ಟಕ್ ಅಂತ ನಡದಾಡ್ತೈತಿ. ಉಣ್ಣೀ ವಾಸ್ನಿ ಬ್ಯಾರೆ."

ನಮ್ಮ ಬೀದಿಯ ತುಂಬ ಜೀನ್ಸ್ ಹೊಲಿಯುವ ಷೆಡ್ಡುಗಳಿವೆ. ಬೆಳಿಗ್ಗೆಯಿಂದ ಯಂತ್ರಗಳ ಗುಂಯ್ ಸದ್ದು ಕಿವಿಯಲ್ಲಿ ಕೂತೇ ಇರುತ್ತದೆ. ಒಂದು ಗಂಟೆಗೆ ಊಟಕ್ಕೆಂದು ಎಲ್ಲ ಒಟ್ಟಿಗೆ ನಿಂತಾಗ, ಎರಡಕ್ಕೆ ಮತ್ತೆ ಶುರುವಾಗುವವರೆಗೆ ಬೀದಿ ಸತ್ತಂತಿರುತ್ತದೆ. ನಾನು ಆ ಹೊತ್ತಿನಲ್ಲಿ ಆಫೀಸಿನಲ್ಲಿರುತ್ತೇನೆ. ಅವ್ವ ಮತ್ತು ಮಗು ಮನೆಯಲ್ಲಿ ಮಲಗಿರುತ್ತಾರೆ.

ನಾನು ಹೆದರಲಿಲ್ಲ ಎಂದರೆ ಸುಳ್ಳು. ಆದರೆ ನನಗೆ ಹೆದರಿಕೆಯಾದರೆ ಮೊದಲು ಬರುವುದು ಸಿಟ್ಟು. ನನ್ನ ಕುಂಡಗಳನ್ನು ನಾನು ಯಾಕೆ ಬಿಟ್ಟುಕೊಡಬೇಕು? ಉಳಿದ ಕುಂಡಗಳನ್ನೆಲ್ಲ, ಗುಡ್ಡದ ಹುಲ್ಲಿನ ಬಕೆಟ್ಟನ್ನೂ ಸೇರಿಸಿ, ಬಚ್ಚಲು ಮನೆಗೆ ಎಳೆದು ಹೊರಗಿನಿಂದ ಚಿಲಕ ಹಾಕಿದೆ. ಬಾಲ್ಕನಿಯ ಬಾಗಿಲಿಗೂ ಅಗುಳಿ ಹಾಕಿದೆ. "ಬಾಯಿಗೆ ಬಂದಿದ್ದನ್ನ ಎರಡನೇ ಸಲ ಕಿತ್ಕಂತಾ ಇದ್ದೀಯ, ಬ್ಯಾಡ ಕಣೇ" ಎಂದು ಅವ್ವ ಗೋಗರೆದಳು. ನಾನು ಕೇಳಲಿಲ್ಲ.

ಮರುದಿನ ಮನೆಯೊಳಗೆ ಬಾಗಿಲ ಸಂದಿಯಲ್ಲಿದ್ದ ಪೊರಕೆಯ ಹುಲ್ಲೆಲ್ಲ ಹೋಗಿ ಹಿಡಿಕೆಯಷ್ಟೇ ಉಳಿದಿತ್ತು. ಬಾಲ್ಕನಿಯ ಅಗುಳಿ ಹಾಕಿದ್ದು ಹಾಕಿದಂತೆಯೇ ಇತ್ತು.

ಅದಾದ ಭಾನುವಾರ ನಾನು ಮನೆಯಲ್ಲೇ ಇದ್ದೆ, ಷೆಡ್ಡುಗಳಿಗೆ ಮಾತ್ರ ಭಾನುವಾರವೂ ರಜೆಯಿಲ್ಲ. ಊಟವಾದ ಮೇಲೆ ಸೌಮ್ಯಳನ್ನು ಕಂಬಳಿಯ ಮೇಲೆ ಮಲಗಿಸಿ ಪಕ್ಕದಲ್ಲೇ ಒರಗಿದೆ. ಒಂದೂವರೆ ವರ್ಷದ ಕೂಸು, ಹುಟ್ಟುಗೂದಲನ್ನು ಮನೆದೇವರಿಗೆ ಕೊಡುವುದಿದೆ ಎಂದು ಕತ್ತರಿ ಮುಟ್ಟಿಸಿರಲಿಲ್ಲ. ಗುಂಗುರು ಕೂದಲು ಹೆಗಲ ಮೇಲೆ ಹರಡಿತ್ತು. ಜೋಂಪು ಹತ್ತಿತೇನೋ. ತೊಯ್ದ ಉಣ್ಣೆಯ ವಾಸನೆಗೆ ಎಚ್ಚರವಾಯಿತು. ಬೀದಿಯಲ್ಲಿ ಸದ್ದೇ ಇಲ್ಲ. ಮಗುವಿನ ಕೆನ್ನೆ ಒದ್ದೆಯಾಗಿತ್ತು. ಬಲಭಾಗದ ಕೂದಲು ಕಿವಿಯಿಂದ ನೆತ್ತಿಯವರೆಗೆ ಬುಡಕ್ಕೆ ಹೋಗಿತ್ತು. ಅಲ್ಲಲ್ಲಿ, ಒಂದೊಂದು ಕಡಿತದ ನಡುವೆ, ಒಂದೊಂದು ಎಳೆ ನಿಂತಿತ್ತು.

ದಿಂಬಿನ ಮೇಲೆ, ಕಂಬಳಿಯ ಮೇಲೆ, ನೆಲದ ಮೇಲೆ ಹುಡುಕಿದೆ. ಬಿದ್ದ ಕೂದಲು ಒಂದೂ ಇರಲಿಲ್ಲ.

ನನ್ನ ಗಂಡ ಚಂದ್ರಮೋಹನ್ ಜೀನ್ಸ್ ಷೆಡ್ಡಿನಲ್ಲಿ ಕಟಿಂಗ್ ಮಾಸ್ತರು. ಇಪ್ಪತ್ತು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸುವವನು, ಕಣ್ಣಿಗೆ ಕಂಡದ್ದನ್ನಲ್ಲದೆ ಬೇರೇನನ್ನೂ ನಂಬದವನು. ಸಂಜೆ ಬಂದವನು ಮೊದಲು ಅವ್ವನ ಮೇಲೆ, ಆಮೇಲೆ ನನ್ನ ಮೇಲೆ ಹರಿಹಾಯ್ದ. ಆಮೇಲೆ ಮಗುವನ್ನು ದೀಪದ ಕೆಳಗೆ ಕೂರಿಸಿಕೊಂಡು ನೋಡಿದ. ನೋಡುತ್ತ ನೋಡುತ್ತ ಅವನ ದನಿ ಇಳಿಯಿತು.

"ಕತ್ತರಿ ಆದ್ರ ಎರಡೂ ಕಡೆಯಿಂದ ಬರ್ತದ. ಇದು ಒಂದು ಕಡೆಗೆ ಒತ್ತಿ ಹಿಡಿದು ಕೊಯ್ದಂಗ ಐತಿ. ಇದನ್ನ ಯಾರೂ ಕೈಲೆ ಮಾಡಿಲ್ಲ ಸುನೀತಾ" ಎಂದ.

ಅವತ್ತಿನಿಂದ ಸೌಮ್ಯ ಅನ್ನ ಮುಟ್ಟಲಿಲ್ಲ. ಹಾಲನ್ನು ತುಟಿಗಿಟ್ಟರೆ ಮುಖ ತಿರುಗಿಸುತ್ತಿದ್ದಳು. ನಿದ್ದೆಯಲ್ಲಿ ಮಾತ್ರ ಅವಳ ದವಡೆ ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡುತ್ತಿತ್ತು, ಒಂದು ಗಳಿಗೆ ನಿಲ್ಲುತ್ತಿತ್ತು, ಗಂಟಲಲ್ಲಿ ಏನೋ ಮೇಲೆ ಬಂದಂತಾಗಿ ಮತ್ತೆ ಶುರುವಾಗುತ್ತಿತ್ತು. ಅದು ಮೆಲುಕು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಯಿ ಮೂಸಿದರೆ ಹಸಿ ಹುಲ್ಲಿನ ವಾಸನೆ. ಡಾಕ್ಟರು ಹಲ್ಲು ಬರುತ್ತಿದೆ, ಹೆದರಬೇಡಿ ಎಂದು ಸಿರಪ್ಪು ಬರೆದರು. ಎರಡೇ ದಿನಕ್ಕೆ ಮಗುವಿನ ಪಕ್ಕೆಲುಬು ಕಾಣತೊಡಗಿದವು.

"ಹುಲ್ಲು ಆಯ್ತು, ಪೊರಕೆ ಆಯ್ತು, ಕೂದ್ಲು ಆಯ್ತು" ಎಂದಳು ಅವ್ವ, ಮಗುವಿನ ಬೆನ್ನು ಸವರುತ್ತ. "ಇನ್ನೇನು ಉಳಿದೈತೆ ಮೇಯಕ್ಕೆ?"

ನಾನು ಮಗುವನ್ನು ಅವಳ ಕೈಯಿಂದ ಎತ್ತಿ ಎದೆಗವಚಿಕೊಂಡೆ.

ಅವ್ವ ತನಗೆ ತಿಳಿದ ದಾರಿ ಹಿಡಿದಳು. ಕುಂಡಗಳನ್ನೆಲ್ಲ ಮತ್ತೆ ಬಾಲ್ಕನಿಗೆ ಎಳೆದಳು. ಮೂರು ದಿನ, ಯಂತ್ರಗಳು ನಿಂತ ಹೊತ್ತಿಗೆ ಸರಿಯಾಗಿ, ಹುಲ್ಲಿನ ನಡುವೆ ಕೂತು ಬಿಳಿಗೂದಲ ತುರುಬು ಬಿಚ್ಚಿ ಹರಡಿಕೊಂಡಳು. ಮಗುವಿನ ಬದಲು ತನ್ನದು ಮೇಯಲಿ ಎಂದು. ಅವಳ ಒಂದು ಎಳೆಯೂ ಕದಲಲಿಲ್ಲ. ಒಳಗೆ ಮಲಗಿದ್ದ ಸೌಮ್ಯಳ ಎಡಭಾಗದ ಕೂದಲು ಮಾತ್ರ ದಿನಕ್ಕೊಂದಷ್ಟು ಹೋಗುತ್ತಲೇ ಇತ್ತು.

ಮೂರನೆಯ ಸಂಜೆ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಅದಕ್ಕೆ ನನ್ನ ಮೇಲೆ ಸಿಟ್ಟಿಲ್ಲ ಸುನೀತಾ. ಕಿತ್ಕಂಡಿದ್ದು ನಾನು, ಕೊಡಕ್ಕೂ ಬಗ್ಗಿದ್ದೆ. ಎಳ್ಕಂಡು ಬಂದಿದ್ದು ನೀನು. ಬಾ ಅಂದಿದ್ದು ನೀನು. ಕರೆದಿದ್ದಕ್ಕೆ ಬಂದೈತೆ ಪಾಪ. ಅದರ ಹುಲ್ಲು ಅದಕ್ಕೆ ಕೊಟ್ಟು, ನೀನೇ ಹೋಗು ಅನ್ನಬೇಕು."

"ಅಂದರೆ ಹೋಗುತ್ತಾ?"

"ಮನಸಾರೆ ಅಂದ್ರೆ ಹೋಗ್ತೈತೆ. ಬಾಯ್ತಪ್ಪಿ ಕೂಡ ಹೋಗಿ ಬಾ ಅನ್ನಬ್ಯಾಡ. ಹೆಸ್ರು ಎತ್ತಬ್ಯಾಡ."

ಮರುದಿನ ರಜೆ ಹಾಕಿದೆ. ಅವ್ವ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಲ್ಕನಿಯಲ್ಲಿ ಗೋಡೆಗೆ ಒರಗಿ ಕೂತೆ. ಗುಡ್ಡದ ಹುಲ್ಲನ್ನು ಬಕೆಟ್ಟಿನಿಂದ ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ. ಒಂದು ಗಂಟೆಗೆ ಯಂತ್ರಗಳು ನಿಂತವು.

ಮೊದಲು ವಾಸನೆ ಬಂತು. ಆಮೇಲೆ ಬಾಲ್ಕನಿಯ ಆ ತುದಿಯಿಂದ ಗೊರಸಿನ ಸದ್ದು, ಮುದಿ ಕುರಿ ಸಿಮೆಂಟಿನ ಮೇಲೆ ಜಾರೀತೆಂದು ಹೆಜ್ಜೆ ನೋಡಿಕೊಂಡು ಇಡುವ ಸದ್ದು. ಕಣ್ಣಿಗೆ ಏನೂ ಕಾಣಲಿಲ್ಲ. ಬಿಸಿಲು, ಕುಂಡಗಳು, ಕಂಬಿಯ ನೆರಳು, ಅಷ್ಟೇ. ನನ್ನ ಕೈಯ ಹುಲ್ಲು ತುದಿಯಲ್ಲಿ ಬಾಗಿತು. ಬೆಚ್ಚನೆಯ ಉಸಿರು ಮಣಿಕಟ್ಟಿಗೆ ತಾಕಿತು. ಹುಲ್ಲು ಚಿಕ್ಕದಾಗುತ್ತ ಬಂತು, ಮೇಯುವ ಸದ್ದು ಕಿವಿಯ ಹತ್ತಿರವೇ ಇತ್ತು. ಕೊನೆಗೆ ಬೇರೂ ಹೋಗಿ, ಒದ್ದೆ ತುಟಿ ನನ್ನ ಅಂಗೈಯನ್ನು ತಡಕಾಡಿತು. ಹಲ್ಲಿಲ್ಲದ ಆ ಸಂದಿಯಲ್ಲಿ ನನ್ನ ಬೆರಳು ಕೂತಿತು. ಕೈ ಎಳೆದುಕೊಳ್ಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ಆಮೇಲೆ ಅದು ನನ್ನ ಮೊಣಕಾಲಿಗೆ ತಲೆ ಆನಿಸಿತು. ಇಂಟರ್ ಪುಸ್ತಕ ಹಿಡಿದು ಕೂತಾಗ ಆನಿಸುತ್ತಿದ್ದಂತೆಯೇ, ಅಷ್ಟೇ ಭಾರ.

ನಾನು ಅತ್ತೆ. ಗಟ್ಟಿಯಾಗಿಯೇ ಅತ್ತೆ. ಯಂತ್ರಗಳು ಶುರುವಾಗುವ ಮುಂಚೆ ಹೇಳಬೇಕೆಂದು ಗೊತ್ತಿದ್ದರೂ ಬಾಯಿ ಬರುತ್ತಿರಲಿಲ್ಲ. ಹೆಸರು ನಾಲಗೆಯ ತುದಿಗೆ ಬಂದು ಕೂತಿತ್ತು. ನಾನು ಮಗಳ ಪಕ್ಕೆಲುಬುಗಳನ್ನು ನೆನೆಸಿಕೊಂಡೆ.

"ಹೊಟ್ಟೆ ತುಂಬ್ತು" ಎಂದೆ. "ಹೋಗು."

ತಲೆ ಮೊಣಕಾಲಿನಿಂದ ಎದ್ದಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು, ಇನ್ನೊಂದು ಮಾತು ಬರುತ್ತದೇನೋ ಎಂಬಂತೆ. ನಾನು ತುಟಿ ಕಚ್ಚಿಕೊಂಡೆ. ಗೊರಸಿನ ಸದ್ದು ಬಾಲ್ಕನಿಯ ತುದಿಯತ್ತ ಹೋಯಿತು, ನಿಂತಿತು. ಎರಡು ಗಂಟೆಯಾಗಿ ಬೀದಿಯ ಯಂತ್ರಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ವಾಸನೆ ಹೋಗಿತ್ತು.

ಒಳಕೋಣೆಯ ಬಾಗಿಲು ತೆಗೆದರೆ ಅವ್ವ ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಸೌಮ್ಯ ಅವಳ ತೊಡೆಯ ಮೇಲೆ ಎದ್ದು ಕೂತು ಕೈಯಲ್ಲಿದ್ದ ಬಿಸ್ಕತ್ತನ್ನು ಕಚ್ಚಿ ತಿನ್ನುತ್ತಿದ್ದಳು. ಐದು ದಿನದ ನಂತರ ಮೊದಲ ತುತ್ತು. ನಾನು ಅವಳನ್ನು ಎತ್ತಿಕೊಂಡು, ಆ ಬೋಳು ತಲೆಗೆಲ್ಲ ಮುತ್ತಿಟ್ಟೆ. ಅವ್ವ, "ಹೋಯ್ತಾ?" ಎಂದಳು. "ಹೋಯ್ತು" ಎಂದೆ.

ಮಗು ಕೊಸರಾಡಿ ಕೆಳಗಿಳಿಯಿತು. ತಪ್ಪು ಹೆಜ್ಜೆ ಇಡುತ್ತ ಬಾಲ್ಕನಿಗೆ ಓಡಿ, ಕಂಬಿಗಳ ನಡುವೆ ಮುಖ ತೂರಿಸಿ, ಕೆಳಗಿನ ಬೀದಿಯನ್ನಲ್ಲ, ಎದುರಿನ ಖಾಲಿ ಬಿಸಿಲನ್ನು ನೋಡಿತು. ಅದರ ತುಟಿ ಅಳುವಿಗೆ ಬಾಗಿತು. ಅವ್ವ ಮಂದೆಯನ್ನು ಕರೆಯುವಾಗ ನಾಲಗೆಯಿಂದ ಹೊರಡಿಸುವ ಒಂದು ಸದ್ದಿದೆ. ಮಂದೆ ಮಾರಿದ ಮೇಲೆ ಅವಳು ಅದನ್ನು ಒಮ್ಮೆಯೂ ಹೊರಡಿಸಿರಲಿಲ್ಲ. ನನ್ನ ಮಗಳು ಆ ಸದ್ದು ಮಾಡಿದಳು. ಆಮೇಲೆ, ಇನ್ನೂ "ಅಮ್ಮ" ಎನ್ನುವುದನ್ನೇ ನೆಟ್ಟಗೆ ಕಲಿಯದವಳು, ಆ ಹೆಸರನ್ನು ಒಂದಕ್ಷರವೂ ತಪ್ಪದೆ ಹೇಳಿದಳು. ಹೇಳಿ, ಪುಟ್ಟ ಕೈ ಚಾಚಿ, "ಬಾ" ಎಂದಳು.

ನಾನು ಓಡಿಹೋಗಿ ಅವಳ ಬಾಯಿ ಮುಚ್ಚಿದೆ.

ಬೀದಿಯ ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಕರೆಂಟು ಹೋಗಿರಬೇಕು ಎಂದುಕೊಂಡು ತಿರುಗಿ ನೋಡಿದೆ. ಒಳಗೆ ಫ್ಯಾನು ತಿರುಗುತ್ತಲೇ ಇತ್ತು.